ನಾಲ್ಕು ವರ್ಷದ ಕರಿ ಎಮ್ಮೆ

ಡಾಕ್ಟರನ್ನು ಮದುವೆಯಾದವಳು ಅರ್ಧ ಡಾಕ್ಟರು ಎಂಬ ನಂಬಿಕೆ ನಮ್ಮ ಕಡೆ ಇದೆ. ದನದ ಡಾಕ್ಟರನ್ನು ಮದುವೆಯಾಗಿದ್ದರೆ ಮುಕ್ಕಾಲು ಡಾಕ್ಟರು. ಯಾಕೆಂದರೆ ಔಷಧ ತಪ್ಪಾದರೂ ದನ ಮನೆ ಬಾಗಿಲಿಗೆ ಬಂದು ಜಗಳ ತೆಗೆಯುವುದಿಲ್ಲ. ನಾನು ಕಾಲು ಡಾಕ್ಟರೂ ಆಗಿರಲಿಲ್ಲ. ನನಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ದುಂಡಗಿನ ಅಕ್ಷರ. ಲಿಂಗಸುಗೂರಿನಲ್ಲಿ ನಾನು ಶಾಲೆಗೆ ಹೋಗುತ್ತಿದ್ದಾಗ ಮಾಸ್ತರರು ನನ್ನ ಕಾಪಿ ಪುಸ್ತಕವನ್ನು ಎತ್ತಿ ಹಿಡಿದು ಇಡೀ ಕ್ಲಾಸಿಗೆ ತೋರಿಸುತ್ತಿದ್ದರು. ಬರೆದದ್ದು ಸರಿಯಿದೆಯೋ ಇಲ್ಲವೋ ಅವರು ನೋಡುತ್ತಿರಲಿಲ್ಲ, ಚೆಂದ ಇದೆಯೋ ಇಲ್ಲವೋ ಅಷ್ಟೇ ನೋಡುತ್ತಿದ್ದರು. ಚೆಂದ ಬರೆದದ್ದನ್ನು ಜನ ನಂಬುತ್ತಾರೆ ಎಂಬ ಸಂಗತಿ ನನಗೆ ಆ ವಯಸ್ಸಿನಲ್ಲೇ ತಿಳಿದುಹೋಯಿತು. ತಿಳಿಯಬಾರದಿತ್ತು.

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಮ್ಮವರು ಸರ್ಕಾರಿ ನೌಕರಿಯಿಂದ ನಿವೃತ್ತರಾದರು. ಬೇರೆಯವರು ನಿವೃತ್ತರಾದರೆ ಕಟ್ಟೆಯ ಮೇಲೆ ಕೂತು ಪೇಪರು ಓದುತ್ತಾರೆ. ನಮ್ಮವರಿಗೆ ಎರಡು ದಿನ ಎಮ್ಮೆಯ ಮೈ ಮುಟ್ಟದಿದ್ದರೆ ಅನ್ನ ಸೇರುತ್ತಿರಲಿಲ್ಲ. ಮಸ್ಕಿಯ ನಮ್ಮ ಮನೆಯ ಪಡಸಾಲೆಯಲ್ಲೇ ಸ್ವಂತದ ದವಾಖಾನೆ ತೆರೆದರು. ಅಂಗಳದಲ್ಲಿ ನಾಲ್ಕು ಗೂಟ ಹುಗಿಸಿದರು, ಗೋಡೆಗೊಂದು ಬೋರ್ಡು ಹಾಕಿಸಿದರು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಾ ಹಳ್ಳಿ ತಿರುಗಾಂವ. ಮನ್ಯಾಗಿಂದ ಎಲ್ಲಾ ಆಡಳಿತ ನೀನs ನೋಡ್ಕೋ" ಅಂದರು. ಆಡಳಿತ ಎಂಬ ಮಾತು ಕೇಳಿ ನನಗೆ ಒಳಗೊಳಗೇ ಹಿಗ್ಗಾಯಿತು. ಅದುವರೆಗೆ ನಾನು ಆಳಿದ್ದು ಒಂದು ಒಲೆ, ನಾಲ್ಕು ಡಬ್ಬಿಗಳನ್ನು ಮಾತ್ರ.

ಆಡಳಿತವೆಂದರೆ ಏನೆಂದು ಮೊದಲ ವಾರದಲ್ಲೇ ಗೊತ್ತಾಯಿತು. ಬೆಳಿಗ್ಗೆ ಚಹಾ ಆದಮೇಲೆ ಅದೇ ಸ್ಟೋವಿನ ಮೇಲೆ ಗಾಜಿನ ಸಿರಿಂಜು, ಸೂಜಿ ಕುದಿಸುವುದು. ಸೂಜಿ ಕುದಿಸುವ ಪಾತ್ರೆ ಬೇರೆ, ಬೇಳೆ ಬೇಯಿಸುವ ಪಾತ್ರೆ ಬೇರೆ ಎಂದು ಬಂದ ನೆಂಟರಿಗೆಲ್ಲ ಆಣೆ ಮಾಡಿ ಹೇಳುವುದು. ಡಾಕ್ಟರು ಇಲ್ಲದಾಗ ಬಂದವರಿಗೆ ಅವರು ಯಾವ ಊರಿಗೆ ಹೋಗಿದ್ದಾರೆ, ಎಷ್ಟೊತ್ತಿಗೆ ಬರುತ್ತಾರೆ ಎಂದು ಹೇಳುವುದು. ಇವೆರಡೂ ನನಗೆ ಗೊತ್ತಿರುತ್ತಿರಲಿಲ್ಲವಾದ್ದರಿಂದ ಗಟ್ಟಿ ದನಿಯಲ್ಲಿ ಹೇಳಬೇಕಾಗುತ್ತಿತ್ತು. ಅವಸರವಿದ್ದರೆ ಸಿಂಧನೂರಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಚೀಟಿ ಕೊಟ್ಟು ಕಳಿಸುವುದು. ಅವನು ಅದನ್ನು ಇನ್ನೊಬ್ಬ ಕಂಡಕ್ಟರನಿಗೆ ಕೊಟ್ಟು, ಅವನು ಯಾವುದೋ ಚಹಾದಂಗಡಿಯಲ್ಲಿ ಬಿಟ್ಟು, ಚೀಟಿ ತಲುಪುವ ಹೊತ್ತಿಗೆ ಎತ್ತು ತಾನೇ ಗುಣವಾಗಿ ಮೇಯಲು ಹೋಗಿರುತ್ತಿತ್ತು. ಜನ ಪರೀಕ್ಷೆಗೆಂದು ಸಗಣಿ ತರುತ್ತಿದ್ದರು. ಒಂದು ಸಲ ಒಬ್ಬ ಹಿರಿಯರು ಅದನ್ನು ಹೊಸ ಊಟದ ಡಬ್ಬಿಯಲ್ಲಿ ಹಾಕಿ, ಮೇಲೊಂದು ಒಗೆದ ವಸ್ತ್ರ ಕಟ್ಟಿ, "ಅಕ್ಕಾರ, ಮನಿಯಿಂದ ಕೊಟ್ಟು ಕಳಿಸ್ಯಾರ್ರಿ" ಎಂದು ಕೈಗಿತ್ತು ಹೋದರು. ನಾನು ಹೋಳಿಗೆ ಇರಬೇಕೆಂದು ದೇವರ ಮನೆಯಲ್ಲಿಟ್ಟೆ. ಮುಂದಿನದನ್ನು ಬರೆಯುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಕೆಲಸ ರಿಜಿಸ್ಟರು. ಮೂವತ್ತು ವರ್ಷ ಸರ್ಕಾರಿ ರಿಜಿಸ್ಟರು ತುಂಬಿದ ಮನುಷ್ಯನಿಗೆ ರಿಜಿಸ್ಟರಿಲ್ಲದ ದವಾಖಾನೆ ಎಂದರೆ ದೇವರಿಲ್ಲದ ಗುಡಿ ಇದ್ದಂತೆ. ಮೊದಲ ದಿನವೇ ಒಂದು ದಪ್ಪ ಪುಸ್ತಕ ತಂದುಕೊಟ್ಟು, ತಾವೇ ಗೆರೆ ಎಳೆದು ಮನೆಗಳನ್ನು ಮಾಡಿದರು. ತಾರೀಖು, ಮಾಲೀಕರ ಹೆಸರು, ಊರು, ಯಾವ ದನ, ಬಣ್ಣ, ವಯಸ್ಸು, ಏನು ಬೇನೆ, ಏನು ಔಷಧ, ಗುಣವಾಯಿತೋ ಇಲ್ಲವೋ. "ಒಂದ್ ಮನಿನೂ ಖಾಲಿ ಬಿಡಬಾರದು ನೋಡು" ಅಂದರು. ಅವರಿಗೆ ಖಾಲಿ ಮನೆ ಕಂಡರೆ ಹಲ್ಲು ನೋವು ಬಂದವರ ಹಾಗೆ ಮುಖವಾಗುತ್ತಿತ್ತು.

ಮೊದಮೊದಲು ನಾನು ಪ್ರಾಮಾಣಿಕವಾಗಿಯೇ ಬರೆಯುತ್ತಿದ್ದೆ. ಆದರೆ ಒಮ್ಮೆಗೇ ಮೂರು ಎತ್ತು, ಎರಡು ಆಡು, ಒಂದು ಕೋಳಿ ಬುಟ್ಟಿ ಬಂದು ಅಂಗಳದಲ್ಲಿ ನಿಂತು, ಎಲ್ಲರೂ ಒಟ್ಟಿಗೇ ಮಾತಾಡಿದರೆ ಯಾರನ್ನು ಕೇಳುವುದು, ಏನನ್ನು ಬರೆಯುವುದು? ಮಧ್ಯಾಹ್ನ ಊಟವಾದ ಮೇಲೆ ನೆನಪು ಮಾಡಿಕೊಂಡು ಬರೆಯತೊಡಗಿದೆ. ಆಮೇಲೆ ಎರಡು ದಿನಕ್ಕೊಮ್ಮೆ. ಆಮೇಲೆ ವಾರಕ್ಕೊಮ್ಮೆ. ವಾರದ ಹಿಂದೆ ಬಂದ ಎಮ್ಮೆಯ ವಯಸ್ಸು ಯಾರಿಗೆ ನೆನಪಿರುತ್ತದೆ? ನನ್ನ ಮಕ್ಕಳ ವಯಸ್ಸೇ ನಾನು ಬೆರಳು ಮಡಚಿ ಹೇಳುವವಳು. ಹೀಗಾಗಿ ಎಮ್ಮೆಗಳಿಗೆಲ್ಲ ನಾಲ್ಕು ವರ್ಷ ಎಂದು ಗೊತ್ತುಮಾಡಿದೆ. ನಾಲ್ಕು ಒಳ್ಳೆಯ ಸಂಖ್ಯೆ. ತೀರಾ ಎಳೆಯದೂ ಅಲ್ಲ, ಮುದಿಯೂ ಅಲ್ಲ, ಯಾರಿಗೂ ಬೇಸರವಾಗುವಂಥದಲ್ಲ. ಬಣ್ಣ ಕರಿ ಎಂದರೆ ನೂರಕ್ಕೆ ತೊಂಬತ್ತು ಎಮ್ಮೆಗಳ ಮಟ್ಟಿಗೆ ಸತ್ಯವೇ. ಮಾಲೀಕರ ಹೆಸರು ಮರೆತುಹೋಗಿದ್ದರೆ ಹನುಮಂತ. ನಮ್ಮ ಸೀಮೆಯಲ್ಲಿ ಹನುಮಪ್ಪನ ಗುಡಿ ಇಲ್ಲದ ಊರಿಲ್ಲ, ಆ ಹೆಸರಿನ ಗಂಡಸಿಲ್ಲದ ಓಣಿಯಿಲ್ಲ. ಹೊಟ್ಟೆ ಉಬ್ಬರ ಎಂದು ಬರೆದರೆ ಯಾವ ದನಕ್ಕೂ ಅವಮಾನವಿಲ್ಲ. ಕೊನೆಯ ಮನೆಯಲ್ಲಿ ತಪ್ಪದೆ 'ಗುಣ' ಎಂದು ಬರೆಯುತ್ತಿದ್ದೆ. ಗಂಡನ ಕೈಗುಣ ಕಡಿಮೆಯಾಯಿತೆಂದು ಯಾವ ಹೆಂಡತಿ ಬರೆದಾಳು?

ನಮ್ಮವರು ತಿಂಗಳಿಗೊಮ್ಮೆ ಕನ್ನಡಕ ಏರಿಸಿಕೊಂಡು ರಿಜಿಸ್ಟರು ನೋಡುತ್ತಿದ್ದರು. ಪುಟಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿ ಒಂದು ದಿನ ಗಂಭೀರವಾಗಿ, "ಒಂದ್ ಮಾತು ನೋಡೇನಿ. ನಮ್ಮ ಕಡೆ ಎಮ್ಮಿಗೆ ನಾಕನೇ ವರ್ಷ ಭಾಳ ಗಂಡಾಂತರದ್ದು" ಅಂದರು. ನಾನು ಹಪ್ಪಳ ಕರಿಯುತ್ತಿದ್ದೆ. ಹಪ್ಪಳ ಹೊತ್ತಿತು. ಅವತ್ತೇ ಹೇಳಿಬಿಡಬೇಕಿತ್ತು. ಆದರೆ ಅವರ ಮುಖದಲ್ಲಿ ಅಂಥ ಸಂತೋಷ ನೋಡಿ ಬಹಳ ವರ್ಷವಾಗಿತ್ತು. ಅಂದಿನಿಂದ ಅವರು ಹೋದ ಊರಲ್ಲೆಲ್ಲ ಆ ಮಾತನ್ನು ಹೇಳತೊಡಗಿದರು. ಮೂವತ್ತು ವರ್ಷದ ಅನುಭವಸ್ಥರು ಹೇಳಿದ ಮೇಲೆ ಕೇಳಬೇಕೇ? ದಢೇಸುಗೂರಿನ ಕಡೆಯಿಂದ ಬಂದವರೊಬ್ಬರು, ಅಲ್ಲಿ ನಾಲ್ಕನೇ ವರ್ಷಕ್ಕೆ ಬಿದ್ದ ಎಮ್ಮೆಗಳ ಕೊರಳಿಗೆ ಕರಿ ದಾರ ಕಟ್ಟುತ್ತಿದ್ದಾರೆಂದು ಸುದ್ದಿ ತಂದರು. ನಾನು ಅವರಿಗೆ ಚಹಾ ಕೊಟ್ಟು ಬೇರೆ ಮಾತು ತೆಗೆದೆ.

ಹೀಗೆ ಸುಖವಾಗಿ ಸಾಗಿದ್ದ ಆಡಳಿತಕ್ಕೆ ಈರಮ್ಮನಿಂದ ಸಂಕಟ ಬಂತು. ಅವಳ ಊರಿನ ಹೆಸರು ಬೇಡ, ಮಸ್ಕಿಯಿಂದ ಅರ್ಧ ಗಂಟೆಯ ದಾರಿ ಎಂದರೆ ಸಾಕು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಹಿಂದಿನ ವರ್ಷ ಗಂಡ ತೀರಿಕೊಂಡಿದ್ದ, ಇಬ್ಬರು ಹೆಣ್ಣುಮಕ್ಕಳು. ಒಂದು ಬೆಳಿಗ್ಗೆ ಕೆಚ್ಚಲು ಬಾತ ಎಮ್ಮೆಯನ್ನು ಹೊಡೆದುಕೊಂಡು ನಡೆದೇ ಬಂದಳು. ಅವತ್ತು ನಮ್ಮವರು ಮನೆಯಲ್ಲಿದ್ದರು, ಎಮ್ಮೆಯನ್ನು ನೋಡಿದರು. ನಾನು ರಿಜಿಸ್ಟರು ಹಿಡಿದು ಮಾಲೀಕರ ಹೆಸರು ಕೇಳಿದೆ. ಅವಳು ನೆಲ ನೋಡಿದಳು.

"ಮಾಲಕರು ಅಂದ್ರ ನಮ್ಮ ಮನಿಯವರೇನ್ರಿ? ಅವರು ಹೋಗ್ಯಾರಲ್ರಿ."

"ಇರಲವ್ವಾ, ಅವರ ಹೆಸರು ಹೇಳು, ಬರ್ಕೋತೀನಿ."

"ಗಂಡನ ಹೆಸರು ಹೆಂಗ ಹೇಳ್ಲಿ ಅಕ್ಕಾರ? ಇದ್ದಾಗs ಹೇಳಿಲ್ಲ, ಈಗ ಹೇಳ್ಲೇನು?"

ಆ ಹೊತ್ತಿಗೆ ಸರಿಯಾಗಿ ಒಳಗೆ ಹಾಲು ಉಕ್ಕಿತು. ಗಂಡನ ಹೆಸರನ್ನು ಒಗಟಿನಲ್ಲಿ ಹೇಳಿಸುವಷ್ಟು ವ್ಯವಧಾನ ಇರಲಿಲ್ಲ. "ನಿನ್ನ ಹೆಸರರ ಹೇಳವ್ವಾ" ಅಂದೆ. ಮಾಲೀಕರು: ಈರಮ್ಮ ಎಂದು ಬರೆದು ಒಳಗೆ ಓಡಿದೆ. ವಯಸ್ಸು ಎಂದಿನಂತೆ ನಾಲ್ಕು. ಆ ಪುಟದಲ್ಲಿ ಖರೆ ಇದ್ದ ಹೆಸರು ಅದೊಂದೇ ಇರಬೇಕು, ಅದೂ ಹಾಲಿನ ದಯದಿಂದ.

ಇದಾಗಿ ಏಳೆಂಟು ತಿಂಗಳಿಗೆ, ಬೇಸಿಗೆ ಕಾಲಿಟ್ಟ ಮೇಲೆ, ನಮ್ಮವರು ದಢೇಸುಗೂರಿನ ಕಡೆ ಹಳ್ಳಿಗಳಿಗೆ ಚುಚ್ಚುಮದ್ದು ಹಾಕಲು ಮೂರು ದಿನಕ್ಕೆಂದು ಹೋದರು. "ಬಂದವರ ಹೆಸರು ಬರ್ಕೋ, ಹೊಟ್ಟಿ ಉಬ್ಬಿದ್ರ ಎಣ್ಣಿ ಕುಡಿಸಾಕ ಹೇಳು, ಮನಿ ಬಿಟ್ಟು ಎಲ್ಲೂ ಹೋಗಬ್ಯಾಡ" ಎಂದು ಹೇಳಿ ಮೋಟಾರ್ ಸೈಕಲ್ ಹತ್ತಿದರು. ಅದರ ಸಪ್ಪಳ ಓಣಿ ದಾಟುವುದರೊಳಗೆ ನಾನು ಸೀರೆ ಬದಲಿಸಿದ್ದೆ. ಲಿಂಗಸುಗೂರಿನ ನಮ್ಮ ಅಕ್ಕನ ಮನೆಯಲ್ಲಿ ಶಾವಿಗೆ ಹೊಸೆಯುವುದಿತ್ತು. ಶಾವಿಗೆ ಹೊಸೆಯುವುದೆಂದರೆ ಬರೀ ಶಾವಿಗೆಯಲ್ಲ, ಹತ್ತು ಹೆಂಗಸರು ಸುತ್ತ ಕೂತು ಒಂದು ವರ್ಷದ ಮಾತನ್ನು ಮೂರು ದಿನದಲ್ಲಿ ಮುಗಿಸುವ ಕೆಲಸ. ಬಾಗಿಲಿಗೆ ಬೀಗ ಹಾಕಿ ಬಸ್ಸು ಹಿಡಿದೆ. ಮೂರನೇ ದಿನ ಸಂಜೆ ಅವರಿಗಿಂತ ಎರಡು ತಾಸು ಮೊದಲು ಬಂದು, ಕೈಕಾಲು ತೊಳೆದುಕೊಂಡು, ಮೂರು ದಿನದ ರಿಜಿಸ್ಟರು ಒಂದೇ ಬೈಠಕ್ಕಿನಲ್ಲಿ ತುಂಬಿದೆ. ಹದಿನಾಲ್ಕು ದನ. ಸುತ್ತಲ ಊರುಗಳಿಗೆಲ್ಲ ಒಂದೊಂದು ಹಂಚಿದೆ, ಯಾವ ಊರಿಗೂ ಅನ್ಯಾಯವಾಗದಂತೆ. ಅದರಲ್ಲಿ ಒಂದು ಸಾಲು ಹೀಗಿತ್ತು: ಹನುಮಂತ, ಈರಮ್ಮನ ಊರು, ಎಮ್ಮೆ, ಕರಿ, ನಾಲ್ಕು ವರ್ಷ, ಹೊಟ್ಟೆ ಉಬ್ಬರ, ಎಣ್ಣೆ ಕುಡಿಸಲಾಯಿತು, ಗುಣ. ಬರೆದು ಮುಗಿಸಿ ನೋಡಿದೆ, ಅಕ್ಷರ ಬಹಳ ಚೆಂದ ಬಂದಿತ್ತು.

ಅದಾದ ಒಂದು ತಿಂಗಳಿಗೆ ಈರಮ್ಮ ಎಮ್ಮೆಯಿಲ್ಲದೆ ಬಂದಳು. ಅವಳ ಮೈದುನನಿಗೂ ಅವಳಿಗೂ ಪಾಲಾಗುತ್ತಿತ್ತು. ಎಮ್ಮೆ ಮನೆಯದು, ತನಗೇ ಸೇರಬೇಕು ಎಂದು ಮೈದುನ ಹಗ್ಗ ಹಿಡಿದಿದ್ದ. "ನನ್ನ ದೊಡ್ಡ ಮಗಳು ಹುಟ್ಟಿದಾಗ ನಮ್ಮ ತವರಾಗ ಕೊಟ್ಟ, ಇನ್ನೂ ಈಯದ ಮಣಕ ಅಕ್ಕಾರ ಅದು. ನಮ್ಮ ಅಪ್ಪ, ಅವ್ವ ಇಬ್ರೂ ಈಗಿಲ್ಲ. ಸಾಕ್ಷಿ ಹೇಳಾಕ ಯಾರೂ ಇಲ್ಲ. ಅದರ ಹಾಲಿನ ಮ್ಯಾಲs ನಾನೂ ನನ್ನ ಹುಡಿಗ್ಯಾರೂ ಬದುಕೀವಿ" ಎಂದು ಹೇಳಿ ಸೆರಗಿನಿಂದ ಮೂಗೊರೆಸಿಕೊಂಡಳು. ಎಮ್ಮೆಗೆ ಕಾಗದವಿಲ್ಲ, ಪತ್ರವಿಲ್ಲ. ಆಗ ಅವಳಿಗೆ ನೆನಪಾದದ್ದು ನಮ್ಮ ರಿಜಿಸ್ಟರು. "ಡಾಕ್ಟರ ಮನಿ ಪುಸ್ತಕದಾಗ ನನ್ನ ಹೆಸರು ಬರದಾರ" ಎಂದು ಪಂಚರ ಮುಂದೆ ಹೇಳಿಬಿಟ್ಟಿದ್ದಳು. ಪಂಚರು ಪುಸ್ತಕ ತರಿಸಿರಿ ಎಂದಿದ್ದರು. ನಮ್ಮವರ ಎದೆ ಎರಡು ಬೆರಳು ಉಬ್ಬಿತು. "ನೋಡಿದಿ? ಬರದಿಟ್ಟದ್ದು ಯಾವಾಗರ ಉಪಯೋಗಕ್ಕ ಬರತೈತಿ" ಎಂದು ನನಗೆ ಹೇಳಿದರು. ನಾನು ಮೈದುನನ ಹೆಸರೇನೆಂದು ಈರಮ್ಮನನ್ನು ಕೇಳಿದೆ.

"ಹನುಮಂತ್ರಿ" ಅಂದಳು.

ಮೈದುನನ ಹೆಸರು ಹೇಳಲು ಅವಳಿಗೆ ಯಾವ ಸಂಕೋಚವೂ ಇರಲಿಲ್ಲ. ನಾನು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ.

ಆ ಪುಟವನ್ನು ಹರಿದುಬಿಡಲೇ ಎಂದುಕೊಂಡೆ. ಆದರೆ ನಮ್ಮವರು ಪುಟಗಳಿಗೆ ತಾವೇ ನಂಬರು ಹಾಕಿದ್ದರು. ಮಸಿ ಚೆಲ್ಲಲೇ ಎಂದುಕೊಂಡೆ. ಅಷ್ಟರಲ್ಲಿ ಅವರು ರಿಜಿಸ್ಟರನ್ನು ಟವೆಲ್ಲಿನಲ್ಲಿ ಸುತ್ತಿ ತಮ್ಮ ಬ್ಯಾಗಿನೊಳಗೆ ಇಟ್ಟುಕೊಂಡು, "ಬರದಾಕಿ ನೀನು. ನೀನೂ ನಡಿ" ಎಂದರು. ಮೋಟಾರ್ ಸೈಕಲ್ಲಿನ ಹಿಂದೆ ಕೂತು ದಾರಿಯುದ್ದಕ್ಕೂ ಪಂಕ್ಚರಾಗಲಿ ಎಂದು ಬೇಡಿಕೊಂಡೆ. ದಾರಿಯ ತುಂಬ ಮುಳ್ಳು. ಆದರೂ ಅವತ್ತು ಗಾಲಿಗೆ ಒಂದು ಮುಳ್ಳೂ ನೆಡಲಿಲ್ಲ.

ಬೇವಿನ ಮರದ ಕೆಳಗೆ ಕಂಬಳಿ ಹಾಸಿದ್ದರು. ಊರ ಹಿರಿಯರು ಶರಣಪ್ಪಗೌಡರು, ಅವರ ಪಕ್ಕದಲ್ಲಿ ದನದ ದಲಾಲಿ ಖಾಜಾಸಾಬರು. ಸಂತೆಯಲ್ಲಿ ಎತ್ತು ಎಮ್ಮೆ ಕೊಡಿಸುವ ಕೆಲಸ ಅವರದು, ಹಲ್ಲು ನೋಡಿ ಜಾತಕ ಹೇಳುವವರು ಎಂದು ಹೆಸರು. ಎಮ್ಮೆಯನ್ನೂ ತಂದು ಅದೇ ಮರಕ್ಕೆ ಕಟ್ಟಿದ್ದರು. ಅದು ಮೆಲುಕು ಹಾಕುತ್ತ ನಮ್ಮೆಲ್ಲರ ಕಡೆ ನೋಡುತ್ತಿತ್ತು. ಅಲ್ಲಿದ್ದವರಲ್ಲಿ ಚಿಂತೆಯಿಲ್ಲದ ಜೀವ ಅದೊಂದೇ. ಹನುಮಂತ ಕಟ್ಟುಮಸ್ತಾದ ಆಳು, ಹೆಗಲ ಮೇಲೆ ಹೊಸ ವಲ್ಲಿ. ಈರಮ್ಮ ಸ್ವಲ್ಪ ದೂರದಲ್ಲಿ ಇಬ್ಬರು ಮಕ್ಕಳನ್ನು ಎರಡೂ ಕಡೆ ಕೂರಿಸಿಕೊಂಡಿದ್ದಳು.

ಗೌಡರು ಕನ್ನಡಕ ಹಾಕಿಕೊಂಡು ಪುಟ ತಿರುವಿದರು. ಈರಮ್ಮನ ಸಾಲು ಸಿಕ್ಕಿತು. ಗಟ್ಟಿಯಾಗಿ ಓದಿದರು. ಈರಮ್ಮನ ಮುಖಕ್ಕೆ ಜೀವ ಬಂತು. ಗೌಡರು ಅಷ್ಟಕ್ಕೇ ಮುಚ್ಚಿಟ್ಟಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಕ್ಷರ ಚೆಂದ ಇದೆಯಲ್ಲ, ಓದುವವರಿಗೆ ಬಿಡಲು ಮನಸ್ಸಾಗಲಿಲ್ಲ. ಮುಂದೆ ತಿರುವುತ್ತ ಹೋಗಿ, "ತಡಿ, ಇಲ್ಲಿ ಇನ್ನೊಂದೈತಿ. ಹನುಮಂತ, ನಮ್ಮೂರು, ಎಮ್ಮಿ, ಕರಿ, ನಾಕ ವರ್ಷ. ಹೊಟ್ಟಿ ಉಬ್ಬರ" ಎಂದು ಓದಿದರು.

ನಾನು ಹನುಮಂತನನ್ನೇ ನೋಡುತ್ತಿದ್ದೆ. ಅವನು ಒಂದು ಕ್ಷಣ ಬಾಯಿ ತೆರೆದ, ಮುಚ್ಚಿದ. ತಾನು ಎಂದೂ ಹೋಗದ ದವಾಖಾನೆಯಲ್ಲಿ ತನ್ನ ಹೆಸರು ಹೇಗೆ ಬಂತೆಂದು ಅವನಿಗೆ ತಿಳಿಯಲಿಲ್ಲ. ಆದರೆ ತಾನಾಗಿ ಬಂದ ಲಕ್ಷ್ಮಿಯನ್ನು ಯಾಕೆ ಒದೆಯಬೇಕು?

"ಹೌದ್ರಿ ಗೌಡ್ರ" ಅಂದ. "ನಾನs ಹೊಡಕೊಂಡು ಹೋಗಿದ್ದೆ. ನಮ್ಮ ಮನ್ಯಾಗs ಹುಟ್ಟಿದ ಎಮ್ಮಿ, ಬರೋಬ್ಬರಿ ನಾಕ ವರ್ಷ. ಅತ್ತಿಗಿ ಒಮ್ಮೆ ಹೋಗ್ಯಾಳ, ನಾ ಒಮ್ಮೆ ಹೋಗೀನಿ. ಮನಿ ಎಮ್ಮಿ ಅಂದಮ್ಯಾಲ ಯಾರು ಹೋದ್ರೇನ್ರಿ?"

ಖಾಜಾಸಾಬರು ಗಡ್ಡ ಸವರಿಕೊಂಡು, "ಅವತ್ತ ಡಾಕ್ಟರ್ ಸಾಹೇಬ್ರು ನೋಡಿದ್ರೇನು?" ಎಂದು ಕೇಳಿದರು.

ನಮ್ಮವರು ತಾರೀಖು ನೋಡಿ, "ಇಲ್ಲ, ನಾ ಅವಾಗ ದಢೇಸುಗೂರ ಕಡೆ ಹೋಗಿದ್ದೆ. ಮನ್ಯಾಗ ಇಕಿ ಇದ್ಲು" ಅಂದರು.

"ಅಕ್ಕಾರs ನೋಡಿದ್ರಿ" ಎಂದ ಹನುಮಂತ, ಈಗ ಅವನಿಗೆ ಹುರುಪು ಬಂದಿತ್ತು. "ಎಣ್ಣಿ ಕುಡಸು ಅಂದ್ರು. ಬಿದಿರಿನ ಗೊಟ್ಟದಾಗ ಹಾಕಿ ಕುಡಿಸಿದೆ. ಪಾಪ, ಬಿಸಲಾಗ ಬಂದಿಯಪಾ ಅಂತಂದು ನನಗ ಚಾ ಸುದ್ದಾ ಮಾಡಿಕೊಟ್ರು."

ನಾನು ಬೆರಗಾದೆ. ನಾನು ಬರೆದದ್ದು ಎಮ್ಮೆಯಷ್ಟು ಸುಳ್ಳು, ಅವನು ಅದಕ್ಕೆ ಚಹಾ ಕಾಸಿದ. ಈ ಮನುಷ್ಯನಿಗೆ ರಿಜಿಸ್ಟರು ಕೊಟ್ಟಿದ್ದರೆ ನನಗಿಂತ ಚೆನ್ನಾಗಿ ತುಂಬುತ್ತಿದ್ದ. ಗೌಡರು ತಲೆಯಾಡಿಸಿದರು. "ಎರಡೂ ಹೆಸರು ಪುಸ್ತಕದಾಗ ಅದಾವು. ಹಂಗಾರ ಮನಿ ಎಮ್ಮಿ ಅಂತs ಆತು. ಈಗ ಮನಿ ಹಿರೇತನ ಹನುಮಂತಂದು, ಎಮ್ಮಿ ಅವಂಗs" ಎಂದು ಖಾಜಾಸಾಬರ ಕಡೆ ತಿರುಗಿದರು. ಈರಮ್ಮ ಗೌಡರನ್ನು ನೋಡಲಿಲ್ಲ, ಮೈದುನನನ್ನೂ ನೋಡಲಿಲ್ಲ. ನನ್ನನ್ನೇ ನೋಡಿದಳು.

"ಅಕ್ಕಾರ, ನೀವs ಹೇಳ್ರಿ. ಇಂವ ಬಂದಿದ್ನೇನ್ರಿ?"

ಒಮ್ಮೆಲೇ ಸತ್ಯ ಹೇಳಿಬಿಟ್ಟೆ ಎಂದು ಬರೆದರೆ ನನಗೆ ಗೌರವ. ಆದರೆ ನಾನು ಮೊದಲು ಚಿಕ್ಕ ಸುಳ್ಳಿನಲ್ಲಿ ಪಾರಾಗಲು ನೋಡಿದೆ. "ಅವತ್ತ ಬಂದಾಂವ ಬ್ಯಾರೆ ಹನುಮಂತ ಇರಬೇಕ್ರಿ" ಅಂದೆ.

ಗೌಡರು ಬೆರಳು ಮಡಚಿದರು. "ನಮ್ಮೂರಾಗ ಹನುಮಂತ ಅಂತ ಮೂರ ಮಂದಿ ಅಕ್ಕಾರ. ಒಬ್ಬಾಂವ ಇಂವ. ಇನ್ನೊಬ್ಬಾಂವ ಅಂಗಿ ಹೊಲಿಯಾಂವ, ಅವಗ ಎಮ್ಮಿ ಇಲ್ಲ. ಮೂರನೇದಾಂವ ಗುಡ್ಯಾಗ ಅದಾನ."

ಇಡೀ ಸೀಮೆಯಲ್ಲಿ ಹನುಮಂತರ ಬರಗಾಲವಿದ್ದದ್ದು ಆ ಒಂದು ಊರಿನಲ್ಲಿ ಇರಬೇಕು. ನಾನು ಸೆರಗು ಸರಿಮಾಡಿಕೊಂಡೆ. ಈರಮ್ಮನ ಚಿಕ್ಕ ಮಗಳು ಎದ್ದು ಹೋಗಿ ಎಮ್ಮೆಯ ಮುಂಗಾಲ ಬುಡದಲ್ಲಿ ಕೂತು ಅದಕ್ಕೆ ಒರಗಿಕೊಂಡಿದ್ದಳು. ಎಮ್ಮೆ ಮೂಗಿನಿಂದ ಅವಳ ತಲೆ ಮೂಸಿತು. ಅದನ್ನು ನೋಡಿದ ಮೇಲೆ ಬಾಯಿ ತಾನಾಗಿ ಮಾತಾಡಿತು.

"ಆ ಮೂರು ದಿನ ನಾ ಮನ್ಯಾಗs ಇರಲಿಲ್ರಿ ಗೌಡ್ರ."

ಮೊದಲು ಕೇಳಿದ್ದು ಗೌಡರಲ್ಲ, ನಮ್ಮವರು. "ಎಲ್ಲಿದ್ದಿ?"

"ಲಿಂಗಸುಗೂರಾಗ. ಅಕ್ಕನ ಮನ್ಯಾಗ ಶಾವಿಗಿ ಹೊಸಿಯಾಕತ್ತಿದ್ದೆ. ಮನಿಗೆ ಕೀಲಿ ಹಾಕಿತ್ತು."

"ಮತ್ತ ಇದನ್ನೆಲ್ಲಾ ಬರದದ್ದು?"

"ಖಾಲಿ ಇದ್ರ ನಿಮಗ ಸೇರೂದಿಲ್ಲಂತ ಬರದೆ. ಹನುಮಂತಂದೂ ಎಮ್ಮಿದೂ ಸುಳ್ಳು. ಹೆಸರು ಮರತಾಗೆಲ್ಲಾ ನಾ ಹನುಮಂತ ಅಂತs ಬರಿಯಾಕಿ."

ಆಮೇಲೆ ಖಾಜಾಸಾಬರು ನಿಧಾನವಾಗಿ ಹನುಮಂತನ ಕಡೆ ಹೊರಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳುವ ಆಸೆ ಮಾತ್ರ ಇತ್ತು.

"ಕ್ಯೋಂ ಹನುಮಂತ, ಕೀಲಿ ಹಾಕಿದ ಮನ್ಯಾಗ ನಿನಗ ಚಾ ಯಾರು ಕೊಟ್ರಪಾ?"

ಹನುಮಂತ ವಲ್ಲಿಯಿಂದ ಮುಖ ಒರೆಸಿಕೊಂಡ. ಒರೆಸಿಯೇ ಒರೆಸಿದ. ಜನ ನಗತೊಡಗಿದರು. ಆದರೆ ಗೌಡರು ನ್ಯಾಯದ ಮನುಷ್ಯ, ನಗಲಿಲ್ಲ. "ಇಂವಂದು ಸುಳ್ಳಾತು, ಖರೆ. ಆದ್ರ ಅಕ್ಕಾರ, ಅದು ಸುಳ್ಳು ಬರದದ್ದು ಅಂದ್ರ, ಈರಮ್ಮಂದು ಖರೆ ಬರದದ್ದು ಅಂತ ಹೆಂಗ ನಂಬೂದು?" ಎಂದು ಕೇಳಿದರು. ಹಾಲು ಉಕ್ಕಿದ್ದನ್ನು ಹೇಳಿದೆ. ಗೌಡರು ಹಾಲನ್ನು ಸಾಕ್ಷಿ ಎಂದು ಒಪ್ಪಲಿಲ್ಲ.

"ಪುಸ್ತಕ ಕಟ್ಟಿಡ್ರಿ, ಬಾಯಿ ನೋಡೂನು" ಎಂದು ಖಾಜಾಸಾಬರು ಎದ್ದರು. ಎಮ್ಮೆಯ ದವಡೆ ಹಿಡಿದು, ಕೆಳತುಟಿ ಜಗ್ಗಿ, ಹಲ್ಲುಗಳನ್ನು ಒಂದೊಂದಾಗಿ ನೋಡಿದರು. "ನಾಕ ವರ್ಷ ಅಂತ ಯಾರು ಬರದಾರ? ಇದಕ್ಕ ಎಂಟಕ್ಕ ಕಡಿಮಿ ಇಲ್ಲ. ಬೇಕಾದ್ರ ಸಾಹೇಬ್ರು ನೋಡಲಿ." ನಮ್ಮವರು ಹೋಗಿ ನೋಡಿದರು. ಬಹಳ ಹೊತ್ತು ನೋಡಿದರು. "ಎಂಟು" ಅಂದರು. ಆ ದನಿಯಲ್ಲಿ ಒಂದು ಇಡೀ ಸಿದ್ಧಾಂತ ಕುಸಿಯುವ ಸದ್ದು ನನಗೊಬ್ಬಳಿಗೇ ಕೇಳಿಸಿತು. ಖಾಜಾಸಾಬರು ಈರಮ್ಮನ ದೊಡ್ಡ ಮಗಳನ್ನು ಹತ್ತಿರ ಕರೆದು ವಯಸ್ಸು ಕೇಳಿದರು. ಆರು ತುಂಬಿದೆ ಎಂದಳು ತಾಯಿ. "ಎರಡು ವರ್ಷದ ಮಣಕ ಕೊಟ್ಟಾರ, ಆರು ವರ್ಷ ಈಕಿ ಸಾಕ್ಯಾಳ. ಲೆಕ್ಕ ಬರೋಬ್ಬರಿ ಐತಿ ಗೌಡ್ರ. ಮನ್ಯಾಗ ಹುಟ್ಟಿ ನಾಕ ವರ್ಷ ಆತು ಅಂದಾಂವಗ ಎಮ್ಮಿ ಪರಿಚಯನs ಇಲ್ಲ." ಗೌಡರು ಎದ್ದು ಮರದಿಂದ ಹಗ್ಗ ಬಿಚ್ಚಿ, ತಮ್ಮ ಕೈಯಾರೆ ಈರಮ್ಮನಿಗೆ ಕೊಟ್ಟರು. ಅವಳು ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಳು.

ಮನೆಗೆ ಬರುವಾಗ ನಮ್ಮವರು ಮಸ್ಕಿಯ ಗುಡ್ಡ ಕಂಡ ಮೇಲೆ ಗಾಡಿ ನಿಧಾನ ಮಾಡಿ, ಹಿಂದೆ ತಿರುಗದೆ ಕೇಳಿದರು.

"ನಾಕ ವರ್ಷದ್ದು... ಎಲ್ಲಾನೂ?"

"ಎಲ್ಲಾ ಎಮ್ಮೀದೂ" ಅಂದೆ. "ಆಡಿಗೆ ಎರಡು ವರ್ಷ ಬರದೀನಿ."

ಅವರು ಗೇರು ಬದಲಿಸಿದರು.

"ಶಾವಿಗಿ ಎಲ್ಲಿ?"

"ನೀವು ತಿಂದೀರಿ. ಎರಡು ಸಲ ಪಾಯಸ ಮಾಡಿದ್ನಲ್ಲ. ಅಂಗಡಿದು ಅಂತ ಹೇಳಿದ್ದೆ."

ಅವರು ಗಾಡಿಯ ವೇಗ ಹೆಚ್ಚಿಸಿದರು. ನಾನು ಮನೆ ಬಿಟ್ಟು ಹೋದದ್ದಕ್ಕೆ ಅವರಿಗೆ ಬೇಸರವಾಗಲಿಲ್ಲ. ಹದಿನಾಲ್ಕು ದನ ಹುಟ್ಟಿಸಿದ್ದಕ್ಕೂ ಹೆಚ್ಚು ಸಿಟ್ಟು ಬರಲಿಲ್ಲ. ನಾಲ್ಕನೇ ವರ್ಷದ ಗಂಡಾಂತರ ಹೋದದ್ದಕ್ಕೆ ಮಾತ್ರ ನಾಲ್ಕು ದಿನ ಮಂಕಾಗಿ ಕೂತಿದ್ದರು. ಆಮೇಲೆ ಊರೂರಿಗೆ ಹೋಗಿ, ತಾವು ಹೇಳಿದ್ದು ತಪ್ಪು, ಎಲ್ಲ ವಯಸ್ಸೂ ಒಂದೇ ಎಂದು ಹೇಳಿ ಬಂದರು. ಯಾರೂ ನಂಬಲಿಲ್ಲ. ದಢೇಸುಗೂರಿನ ಕಡೆಯ ಹಿರಿಯರೊಬ್ಬರು ಅವರ ಬೆನ್ನು ತಟ್ಟಿ, "ನೀವು ದೊಡ್ಡವ್ರು, ನಿಮ್ಮನ್ನ ನೀವs ಸಣ್ಣ ಮಾಡ್ಕೋತೀರಿ. ದಾರ ಕಟ್ಟಿದಾಗಿನಿಂದ ನಮ್ಮ ಎಮ್ಮಿಗೆ ಒಂದ್ ಸೀನು ಸುದ್ದಾ ಬಂದಿಲ್ಲ" ಎಂದರಂತೆ.

ನಾನು ಅಂದಿನಿಂದ ಗೊತ್ತಿದ್ದದ್ದನ್ನು ಮಾತ್ರ ಬರೆಯತೊಡಗಿದೆ. ರಿಜಿಸ್ಟರಿನ ತುಂಬ ಖಾಲಿ ಮನೆಗಳು. ನಮ್ಮವರು ತಿಂಗಳ ಕೊನೆಗೆ ಅದನ್ನು ತೆರೆದು, ಹಲ್ಲು ನೋವಿನ ಮುಖ ಮಾಡಿ, ಮುಚ್ಚಿಡುತ್ತಿದ್ದರು. ಒಮ್ಮೆ ತಾವೇ ಪೆನ್ನು ತೆಗೆದುಕೊಂಡು ಒಂದು ಖಾಲಿ ಮನೆಯ ಮೇಲೆ ಸ್ವಲ್ಪ ಹೊತ್ತು ಹಿಡಿದದ್ದನ್ನು ನಾನು ಬಾಗಿಲ ಮರೆಯಿಂದ ನೋಡಿದೆ. ಬರೆದರೋ ಇಲ್ಲವೋ ನೋಡುವ ಧೈರ್ಯವಾಗಲಿಲ್ಲ. ಒಂದು ಮನೆಯಲ್ಲಿ ಇಬ್ಬರು ತಪ್ಪಿತಸ್ಥರಿದ್ದರೆ ಆಡಳಿತ ನಡೆಯುವುದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಈರಮ್ಮ ತಂಬಿಗೆಯಲ್ಲಿ ಗಿಣ್ಣದ ಹಾಲು ತಂದಳು. ಎಮ್ಮೆ ಕರು ಹಾಕಿತ್ತು. "ಹೆಣ್ಗರು ಆಗೈತ್ರಿ ಅಕ್ಕಾರ. ಪುಸ್ತಕದ ಮ್ಯಾಲಿನ ನಿಮ್ಮ ಹೆಸರು ಗೌಡ್ರು ಓದಿ ಹೇಳಿದ್ರು, ಅದನ್ನs ಇಟ್ಟೀವಿ" ಎಂದಳು. ಹಿಗ್ಗಬೇಕೋ ಕುಗ್ಗಬೇಕೋ ತಿಳಿಯದೆ ತಂಬಿಗೆ ಇಸಿದುಕೊಂಡೆ. ನನ್ನ ಹೆಸರು ಶಾಂತಾ. ಹಾಗೆಂದು ಒಂದು ಕಾಲಕ್ಕೆ ತವರಿನವರಿಗೆ ಗೊತ್ತಿತ್ತು. ಮದುವೆಯಾದ ಮೇಲೆ ಓಣಿಯವರಿಗೆ ನಾನು ಅಕ್ಕಾರು, ಮಕ್ಕಳಿಗೆ ಅವ್ವ, ನಮ್ಮವರಿಗೆ 'ಇಕಿ', 'ಏನs', ತೀರಾ ಅವಸರವಿದ್ದರೆ ಬಾಗಿಲ ಚಿಲಕದ ಸಪ್ಪಳ. ಮೂವತ್ತೊಂದು ವರ್ಷದಲ್ಲಿ ಅವರು ಒಮ್ಮೆಯೂ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ನಾನೂ ಬಯಸಿದವಳಲ್ಲ, ಹಾಗೆಂದು ತಿಳಿದಿದ್ದೆ.

ತಿಂಗಳೊಪ್ಪತ್ತಿಗೆ ಆ ಕರುವಿಗೆ ಹೊಟ್ಟೆ ಕೆಟ್ಟು ಈರಮ್ಮ ನಮ್ಮ ಅಂಗಳಕ್ಕೆ ಹೊಡೆದುಕೊಂಡು ಬಂದಳು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಹೊರಗಿನಿಂದ ನಮ್ಮವರ ದನಿ ಕೇಳಿಸಿತು, ಇಷ್ಟು ವರ್ಷದಲ್ಲಿ ನಾನು ಕೇಳಿರದಷ್ಟು ಮೆತ್ತಗಿನ ದನಿ. "ಶಾಂತಾ... ಏ ಶಾಂತಾ, ಬಾ ಇಲ್ಲಿ. ಅಂಜಬ್ಯಾಡ, ಬಾ."

"ಓ, ಬಂದೆ" ಅಂದೆ. ಹಿಟ್ಟಿನ ಕೈಯಲ್ಲೇ ಎದ್ದು, ಸೆರಗು ಹೊದ್ದುಕೊಂಡು, ಓಡಿಯೇ ಬಂದೆ.

ಅವರು ಕರುವಿನ ಕಿವಿ ಸವರುತ್ತ ಕೂತಿದ್ದರು. ನನ್ನನ್ನು ನೋಡಿ ಅವರ ಕೈ ಹಾಗೇ ನಿಂತಿತು. ಈರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಸುಮ್ಮನೆ ಒಳಗೆ ಹೋಗುವ ಹಾಗಿರಲಿಲ್ಲ. ಬಂದದ್ದಂತೂ ಬಂದಿದ್ದೆ. ಕೂತು ಕರುವಿನ ಹಿಂಗಾಲು ಹಿಡಿದುಕೊಂಡೆ.